ಬೇರಿನಲ್ಲಿ ಕಾಣದೆ ಹೋದ ಹಸಿರು

ತಾಂಡೂರು ಕಡೆಯ ಆ ಹೊಲದಲ್ಲಿ ನೆಟೆ ರೋಗ ಬಿದ್ದು ತೊಗರಿ ಗಿಡಗಳೆಲ್ಲ ನಿಂತಲ್ಲೇ ಒಣಗಿದ್ದವು. ಅವುಗಳ ನಡುವೆ ಒಂದು ಗಿಡ ಮಾತ್ರ ಹಸಿರಾಗಿ ನಿಂತು ಹೂ ಬಿಟ್ಟಿತ್ತು. ಹೊಲದ ಒಡತಿ ಅದನ್ನು ತೋರಿಸಿ, ಇದೊಂದು ಯಾಕೆ ಸತ್ತಿಲ್ಲ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರನ್ನು ಕೇಳಿ ಆ ಗಿಡವನ್ನು ಬುಡಸಮೇತ ಅಗೆದೆ. ಬೇರಿಗಂಟಿದ ಮಣ್ಣು ಉದುರದಂತೆ ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ರೈಲಿನಲ್ಲಿ ಹೈದರಾಬಾದಿಗೆ ತಂದೆ.

ನಾನಾಗ ಉಪ್ಪಲ್‌ನಲ್ಲಿ ಒಂದು ಸಣ್ಣ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಬೆಳೆಗೆ ನೆರವಾಗುವ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಪುಡಿಯಲ್ಲಿ ಬೆರೆಸಿ ಪೊಟ್ಟಣ ಮಾಡಿ ಮಾರುವುದು ಕಂಪನಿಯ ವ್ಯವಹಾರ. ತಂದ ಬೇರನ್ನು ತೊಳೆದು, ಸಣ್ಣ ತುಂಡು ಮಾಡಿ, ಶಿಲೀಂಧ್ರ ಬೆಳೆಸುವ ಅಗಾರ್ ಎಂಬ ಲೋಳೆ ತುಂಬಿದ ಗಾಜಿನ ತಟ್ಟೆಗಳ ಮೇಲೆ ಇಟ್ಟೆ. ನಾಲ್ಕನೇ ದಿನ ಬೇರಿನ ತುಂಡುಗಳ ಸುತ್ತ ಬಿಳಿ ಎಳೆಗಳು ಹರಡಿ, ಐದನೇ ದಿನಕ್ಕೆ ಅವು ಪಾಚಿಯಂತೆ ಹಸಿರಾದವು. ಟ್ರೈಕೋಡರ್ಮಾ ಜಾತಿಯ ಶಿಲೀಂಧ್ರ. ಎಲ್ಲ ಮಣ್ಣಿನಲ್ಲೂ ಸಿಗುವಂಥದ್ದೇ. ಆದರೆ ಈ ತಟ್ಟೆಯ ಮುಚ್ಚಳ ತೆಗೆದರೆ ಒಣಕೊಬ್ಬರಿಯ ವಾಸನೆ ಬರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಕೊಬ್ಬರಿ ಎಂದೇ ಹೆಸರು ಬಿತ್ತು.

ನೆಟೆ ರೋಗ ತರುವುದೂ ಒಂದು ಶಿಲೀಂಧ್ರವೇ. ಅದು ಮಣ್ಣಿನಿಂದ ಬೇರಿನೊಳಗೆ ನುಗ್ಗಿ, ನೀರು ಏರುವ ನಾಳಗಳಲ್ಲಿ ತುಂಬಿಕೊಂಡು ಅವನ್ನು ಕಟ್ಟಿಹಾಕುತ್ತದೆ. ಕಾಲಡಿಯ ಮಣ್ಣು ಹಸಿಯಾಗಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಒಂದೇ ತಟ್ಟೆಯಲ್ಲಿ ಎದುರುಬದುರು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೊಬ್ಬರಿಯ ಎಳೆಗಳು ರೋಗದ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು ಅವನ್ನು ತೂತು ಮಾಡಿ ತಿನ್ನುತ್ತಿದ್ದವು. ಇದಕ್ಕಿಂತ ದೊಡ್ಡ ಕೆಲಸ ಬೇರಿನ ಮೇಲೆ ನಡೆಯುತ್ತಿತ್ತು. ತೊಗರಿಯ ಎಳೆಬೇರು ಸಕ್ಕರೆಯಂಥ ರಸ ಒಸರುತ್ತದೆ. ಆ ರಸ ಉಂಡು ಕೊಬ್ಬರಿ ಬೇರಿನ ಹೊರಪದರದ ಜೀವಕೋಶಗಳ ನಡುವೆ ಮನೆ ಮಾಡುತ್ತಿತ್ತು. ಯಾರೋ ಒಳಗೆ ಬಂದಿದ್ದಾರೆಂದು ಗಿಡ ಎಚ್ಚರಗೊಂಡು ತನ್ನ ಕೋಶಗಳ ಗೋಡೆ ಗಟ್ಟಿ ಮಾಡಿಕೊಳ್ಳುತ್ತಿತ್ತು. ಹೀಗಾಗಿ ನಿಜವಾದ ಶತ್ರು ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು.

ಇದನ್ನೆಲ್ಲ ನನಗೆ ಮೊದಲು ಕಲಿಸಿದವರು ನಮ್ಮ ಲ್ಯಾಬಿನ ಮುಖ್ಯಸ್ಥೆ. ಕಲಬುರಗಿಯ ಕಾಲೇಜಿನಲ್ಲಿ ಅವರು ನನಗೆ ಪಾಠ ಮಾಡಿದ್ದರು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಬೇರುಗೂದಲನ್ನು ಬರೆದು, ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಳೆಗಳನ್ನು ಹಬ್ಬಿಸುತ್ತಿದ್ದರು. ಆಮೇಲೆ ಕಾಲೇಜು ಬಿಟ್ಟು ಈ ಕಂಪನಿಗೆ ಬಂದರು. ಬಂದ ಮೇಲೆ ನನ್ನನ್ನೂ ಕರೆಸಿಕೊಂಡರು. ಲ್ಯಾಬಿನ ಮಾತೆಲ್ಲ ತೆಲುಗು, ಹಿಂದಿ. ನಾವಿಬ್ಬರು ಮಾತ್ರ ಮಧ್ಯಾಹ್ನ ಡಬ್ಬಿ ಬಿಚ್ಚಿ ನಮ್ಮ ಭಾಷೆ ಆಡುತ್ತಿದ್ದೆವು. ಉಳಿದವರು ಅವರನ್ನು ಮೇಡಂ ಎನ್ನುತ್ತಿದ್ದರು. ನನ್ನ ಬಾಯಲ್ಲಿ ಅವರು, ನಮ್ಮ ಕಡೆ ಪಾಠ ಹೇಳುವವರನ್ನು ಕರೆಯುವಂತೆ, ಅಕ್ಕೋರಾಗಿಯೇ ಉಳಿದರು.

ಮೊದಲ ವರ್ಷ ನಮ್ಮ ಪುಡಿ ಸೋತಿತು. ಕಂಪನಿಯ ಹಿಂದಿನ ಶೆಡ್ಡಿನಲ್ಲಿ ಕುಂಡಗಳಲ್ಲಿ ತೊಗರಿ ಹಾಕಿ ಪರೀಕ್ಷಿಸಿದಾಗ ಪುಡಿ ಹಚ್ಚಿದ ಗಿಡವೂ ಸತ್ತಿತು, ಹಚ್ಚದ ಗಿಡವೂ ಸತ್ತಿತು. ಕಾರಣ ಹುಡುಕಲು ನನಗೆ ತಿಂಗಳುಗಳು ಹಿಡಿದವು. ಪುಡಿಯಲ್ಲಿ ತೇವ ಹೆಚ್ಚಾಗಿ ಉಳಿದು, ಪೊಟ್ಟಣದೊಳಗೇ ಬೀಜಕಣಗಳು ಮೊಳೆತು ಸಾಯುತ್ತಿದ್ದವು. ಜೋಳದ ಕಾಳನ್ನು ಅರೆಬೇಯಿಸಿ, ಉಗಿಯಲ್ಲಿ ಶುದ್ಧಿ ಮಾಡಿ, ಅದರ ಮೇಲೆ ಕೊಬ್ಬರಿ ಬೆಳೆಸುತ್ತಿದ್ದೆವು. ಕಾಳೆಲ್ಲ ಹಸಿರಾದ ಮೇಲೆ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಎರಡು ದಿನ ಹೆಚ್ಚು ಒಣಗಿಸಿ, ಆಮೇಲೆ ಮಲ್ಮಲ್ ಬಟ್ಟೆಯಲ್ಲಿ ಸೋಸಿ ಟಾಲ್ಕ್ ಪುಡಿಗೆ ಬೆರೆಸಿದೆ. ವಾರಕ್ಕೊಮ್ಮೆ ಪೊಟ್ಟಣ ಒಡೆದು ಬದುಕಿರುವ ಕಣಗಳನ್ನು ಎಣಿಸಿದೆ. ನಾಲ್ಕು ತಿಂಗಳಾದರೂ ಅವು ಸಾಯಲಿಲ್ಲ. ತಟ್ಟೆಗಳನ್ನು ಅಕ್ಕೋರ ಮೇಜಿನ ಮೇಲೆ ಸಾಲಾಗಿ ಇಟ್ಟ ದಿನ ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಈ ಸಲ ಹೊಲಕ್ಕೇ ಹೋಗೋಣ ಎಂದರು.

ಆದರೆ ಕಂಪನಿಯ ಮಾಲೀಕರು ಆಗಲೇ ಬೇಸತ್ತಿದ್ದರು. ಈ ಹಂಗಾಮಿನಲ್ಲೂ ಸೋತರೆ ಈ ಕೆಲಸ ನಿಲ್ಲಿಸುವುದಾಗಿ ಹೇಳಿದ್ದರು. ಬಿತ್ತಿದ ಎರಡು ತಿಂಗಳಿಗೆ ಹೊರಗಿನ ಕೆಲವು ತಜ್ಞರನ್ನು ಕರೆದುಕೊಂಡು ಹೊಲ ನೋಡಲು ಬರುವವರಿದ್ದರು.

ಹೊಲ, ಆ ಒಂಟಿ ಗಿಡ ಸಿಕ್ಕಿದ್ದ ಹೊಲವೇ. ಅದರ ಒಡತಿ ಅಲ್ಲಿನ ಹೆಣ್ಣುಮಕ್ಕಳ ಸಾವಯವ ಸಂಘದ ಹಿರಿಯಳು. ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಗಡಿಯ ಊರು, ಅವರಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಸಂಘದವರು ಹಲವು ವರ್ಷಗಳಿಂದ ರಾಸಾಯನಿಕ ಮುಟ್ಟಿರಲಿಲ್ಲ. ಎಲ್ಲರ ತೊಗರಿಯನ್ನೂ ಒಟ್ಟು ಸೇರಿಸಿ ಒಬ್ಬರಿಗೇ ಕೊಡುತ್ತಿದ್ದರು, ಕೊಳ್ಳುವವರು ಅದನ್ನು ಪರೀಕ್ಷೆ ಮಾಡಿಸಿ ಒಯ್ಯುತ್ತಿದ್ದರು. ಹೊಲದ ಅರ್ಧಕ್ಕೆ ನಮ್ಮ ಪುಡಿ ಹಚ್ಚಿದ ಬೀಜ, ಇನ್ನರ್ಧಕ್ಕೆ ಬರೀ ಬೀಜ ಎಂದು ತೀರ್ಮಾನವಾಯಿತು.

ಹೊಲಕ್ಕೆ ಹೋಗುವ ಪೊಟ್ಟಣಗಳನ್ನು ತುಂಬುವ ದಿನ ಅಕ್ಕೋರು ನನ್ನನ್ನು ಮಲ್ಮಲ್ ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಕಳಿಸಿದರು. ಬಟ್ಟೆ ಇನ್ನೂ ಇದೆಯಲ್ಲ ಎಂದೆ. ಮುಂದಿನ ಸಲಕ್ಕೂ ಬೇಕಾಗುತ್ತದೆ, ಪೊಟ್ಟಣ ನಾನೇ ತುಂಬಿಸುತ್ತೇನೆ, ನೀನು ಬಹಳ ದಣಿದಿದ್ದೀಯ ಎಂದರು. ನಾನು ಖುಷಿಯಿಂದಲೇ ಹೋದೆ. ಹಿಂದಿನ ಸಂಜೆ ಅದೇ ಪುಡಿಯಿಂದ ಒಂದು ಪೊಟ್ಟಣ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೆ. ಪ್ರತಿ ಸಲದ ಪುಡಿಯಿಂದಲೂ ಒಂದನ್ನು ಹಾಗೆ ತೆಗೆದಿಡುವುದು ಅಕ್ಕೋರೇ ಕಲಿಸಿದ ಪದ್ಧತಿ.

ಮರುದಿನ ನಾನೊಬ್ಬಳೇ ಪೊಟ್ಟಣಗಳನ್ನು ಒಯ್ದೆ. ದೊಡ್ಡವ್ವನ ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಬೀಜ ಹರಡಿದೆವು. ತೆಳುವಾದ ಅಕ್ಕಿಗಂಜಿ ಚಿಮುಕಿಸಿ ಮೇಲೆ ಪುಡಿ ಉದುರಿಸಬೇಕು, ಪ್ರತಿ ಕಾಳಿಗೂ ಹತ್ತುವಂತೆ ಕಲಸಿ ನೆರಳಿನಲ್ಲಿ ಆರಿಸಬೇಕು. ಸಂಘದ ಏಳೆಂಟು ಹೆಣ್ಣುಮಕ್ಕಳು ಸುತ್ತ ಕೂತಿದ್ದರು. ಒಬ್ಬಾಕೆಯ ತೊಡೆಯ ಮೇಲೆ ಮಗು ಇತ್ತು. ದೊಡ್ಡವ್ವ ಕೇಳಿದರು:

“ಕೈಗೆ ಏನರ ಹಾಕ್ಕೋಬೇಕೇನವ್ವಾ?”

“ಬ್ಯಾಡ ದೊಡ್ಡವ್ವಾ. ಇದು ಹೊಲಕ್ಕ ಹೊಡಿಯೂ ಎಣ್ಣಿ-ಔಷಧ ಅಲ್ಲ, ಜೀವ ಐತಿ. ಬರಿಗೈಲೆ ಕಲಸ್ರಿ.”

ಅವರು ಕಲಸಿದರು. ಆಮೇಲೆ ಕೈ ತೊಳೆದು ರೊಟ್ಟಿ ತಿಂದರು, ನನಗೂ ಹಾಕಿದರು. ಉಳಿದ ಅರ್ಧ ಪೊಟ್ಟಣವನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಇಡಿ ಎಂದಿದ್ದಕ್ಕೆ, ದೊಡ್ಡವ್ವ ಅದನ್ನು ಅಡುಗೆಮನೆಯ ಗೂಡಿನಲ್ಲಿ ಬೆಲ್ಲದ ಡಬ್ಬಿಯ ಪಕ್ಕ ಇಟ್ಟರು.

ಬಿತ್ತಿ ಒಂದು ತಿಂಗಳಾದ ಮೇಲೆ ಹೋಗಿ ಬೇರುಗಳನ್ನು ತಂದೆ. ಪುಡಿ ಹಚ್ಚಿದ ಭಾಗದಲ್ಲಿ ಸಸಿಗಳು ಚೆನ್ನಾಗಿದ್ದವು, ಹಚ್ಚದ ಭಾಗದಲ್ಲಿ ಅಲ್ಲಲ್ಲಿ ಬಾಡಿದ್ದವು. ನನ್ನ ಮನಸ್ಸು ಕುಣಿಯುತ್ತಿತ್ತು. ಎರಡೂ ಭಾಗದ ಬೇರುಗಳನ್ನು, ಬೀಜ ಮೊಳೆತ ಜಾಗಕ್ಕೆ ಹತ್ತಿರದ ತುಂಡುಗಳನ್ನು ಆರಿಸಿ ತಟ್ಟೆಗೆ ಹಾಕಿದೆ. ಐದನೇ ದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ, ಪುಡಿ ಹಚ್ಚಿದ ಭಾಗದ ಒಂದು ತಟ್ಟೆಯಲ್ಲೂ ಹಸಿರಿರಲಿಲ್ಲ.

ಮೊದಲು ನನ್ನನ್ನೇ ಶಂಕಿಸಿದೆ. ಬೇರಿನ ಮೇಲ್ಮೈ ಶುದ್ಧಿ ಮಾಡಲು ಬಳಸುವ ಬ್ಲೀಚಿನ ನೀರು ತೀಕ್ಷ್ಣವಾಗಿ, ಹೊರಗಿನ ಸೂಕ್ಷ್ಮಜೀವಿಗಳ ಜೊತೆ ಒಳಗಿನ ಕೊಬ್ಬರಿಯನ್ನೂ ಕೊಂದಿರಬಹುದು ಎಂದುಕೊಂಡೆ. ಮತ್ತೆ ತಾಂಡೂರಿಗೆ ಹೋಗಿ ಹೊಸ ಬೇರು ತಂದು, ನೀರು ತೆಳು ಮಾಡಿ, ಕೆಲವು ತುಂಡುಗಳನ್ನು ಬರೀ ನೀರಿನಲ್ಲಿ ತೊಳೆದು ಹಾಕಿದೆ. ಫಲ ಅದೇ. ಆಗ ಇನ್ನೊಂದು ಸಾಲಿನ ತಟ್ಟೆಗಳ ಕಡೆ ಗಮನ ಹೋಯಿತು. ಏನೂ ಹಚ್ಚದ ಭಾಗದ ಬೇರುಗಳಿಂದ ಅಲ್ಲೊಂದು ಇಲ್ಲೊಂದು ಹಸಿರು ಎದ್ದಿತ್ತು. ಅವು ಕೊಬ್ಬರಿಯಲ್ಲ, ಆ ಮಣ್ಣಿನಲ್ಲಿ ಮೊದಲಿಂದ ಇದ್ದ ಅದರ ಬಂಧುಗಳು. ನಾವು ಕೋಟಿಗಟ್ಟಲೆ ಬೀಜಕಣ ಹಚ್ಚಿದ ಭಾಗದಲ್ಲಿ ನಮ್ಮದೂ ಇರಲಿಲ್ಲ, ಮಣ್ಣಿನದೂ ಇರಲಿಲ್ಲ. ಏನೋ ಒಂದು ಎಲ್ಲವನ್ನೂ ಒರೆಸಿಹಾಕಿತ್ತು.

ಈ ಮಾತನ್ನು ಅಕ್ಕೋರಿಗೆ ಹೇಳಿದೆ. ಅವರು ತಟ್ಟೆಗಳನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಗಿಡ ಚೆನ್ನಾಗಿದೆಯಲ್ಲ, ಅಷ್ಟು ಸಾಕು, ಬೇರೆ ಕೆಲಸ ನೋಡು ಎಂದರು. ಬೋರ್ಡಿನ ಮೇಲೆ ತಪ್ಪು ಬಿದ್ದ ಒಂದು ಗೆರೆಯನ್ನೂ ಅಳಿಸದೆ ಬಿಡದವರು ಅವರು. ಅವರ ಬಾಯಲ್ಲಿ ಆ ಮಾತು ನನಗೆ ಸರಿಬರಲಿಲ್ಲ. ಅವರಿಗೆ ಹೇಳದೆ ಮೂರನೇ ಸಲ ತಾಂಡೂರಿಗೆ ಹೋಗಿ, ದೊಡ್ಡವ್ವನ ಗೂಡಿನಲ್ಲಿದ್ದ ಅರ್ಧ ಪೊಟ್ಟಣವನ್ನು ಕೇಳಿ ತಂದೆ.

ಪರೀಕ್ಷೆ ಸರಳವಾಗಿತ್ತು. ನೆಟೆ ರೋಗದ ಶಿಲೀಂಧ್ರವನ್ನು ತಟ್ಟೆಗಳ ತುಂಬ ಹರಡಿ, ಕೆಲವಕ್ಕೆ ನಾನು ಫ್ರಿಜ್ಜಿನಲ್ಲಿಟ್ಟಿದ್ದ ಪೊಟ್ಟಣದ ಪುಡಿ ಹಚ್ಚಿದ ಕಾಳು, ಇನ್ನು ಕೆಲವಕ್ಕೆ ದೊಡ್ಡವ್ವನ ಮನೆಯ ಪುಡಿ ಹಚ್ಚಿದ ಕಾಳು ಇಟ್ಟೆ. ಫ್ರಿಜ್ಜಿನ ಪುಡಿಯ ಕಾಳಿನಿಂದ ಕೊಬ್ಬರಿ ಎದ್ದು ರೋಗದ ಮೇಲೆ ಹಬ್ಬಿತು. ದೊಡ್ಡವ್ವನ ಮನೆಯ ಪುಡಿಯ ಕಾಳಿನಿಂದ ಏನೂ ಏಳಲಿಲ್ಲ. ಅದರ ಬದಲು ಕಾಳಿನ ಸುತ್ತ ನೀಟಾದ ಖಾಲಿ ವೃತ್ತವಿತ್ತು. ವೃತ್ತದೊಳಗೆ ಯಾವ ಶಿಲೀಂಧ್ರವೂ ಕಾಲಿಟ್ಟಿರಲಿಲ್ಲ. ಇದು ಜೀವಿಯೊಂದು ಮಾಡುವ ಕೆಲಸವಾಗಿದ್ದರೆ, ಪುಡಿಯನ್ನು ಕಾಯಿಸಿದ ಮೇಲೆ ನಿಲ್ಲಬೇಕು. ಹಾಗಾಗಿ ಎರಡೂ ಪುಡಿಯನ್ನು ಆಟೋಕ್ಲೇವ್‌ನಲ್ಲಿ ಒತ್ತಡದ ಉಗಿಗೆ ಒಡ್ಡಿ ಮತ್ತೆ ಪರೀಕ್ಷಿಸಿದೆ. ಫ್ರಿಜ್ಜಿನ ಪುಡಿ ಸತ್ತಿತು. ದೊಡ್ಡವ್ವನ ಮನೆಯ ಪುಡಿಯ ಸುತ್ತ ಅದೇ ಖಾಲಿ ವೃತ್ತ. ಕೊನೆಗೆ ಟಾಲ್ಕ್ ಪುಡಿಗೆ, ಬೀಜಕ್ಕೆ ಸಾಮಾನ್ಯವಾಗಿ ಹಚ್ಚುವ ಕಾರ್ಬೆಂಡಾಜಿಮ್ ಎಂಬ ರಾಸಾಯನಿಕ ಶಿಲೀಂಧ್ರನಾಶಕವನ್ನು ನಾನೇ ಬೆರೆಸಿ ಪಕ್ಕದಲ್ಲಿಟ್ಟು ನೋಡಿದೆ. ಎರಡು ವೃತ್ತಗಳಲ್ಲಿ ಯಾವುದು ಯಾವುದೆಂದು ಹೇಳಲು ತಟ್ಟೆ ತಿರುಗಿಸಿ ಚೀಟಿ ಓದಬೇಕಾಯಿತು.

ಸುಲ್ತಾನ್ ಬಜಾರಿಗೆ ನನ್ನನ್ನು ಯಾಕೆ ಕಳಿಸಿದ್ದರೆಂದು ಆಗ ತಿಳಿಯಿತು. ಸಿಟ್ಟು ಬರಲಿಲ್ಲ. ಮೊದಲು ಬಂದದ್ದು ನಾಚಿಕೆ.

ತಟ್ಟೆಗಳನ್ನು ಟ್ರೇಯಲ್ಲಿಟ್ಟುಕೊಂಡು ನೇರ ಅಕ್ಕೋರ ಕೋಣೆಗೆ ಹೋದೆ. ಅವರು ನೋಡಿದರು, ಕನ್ನಡಕ ತೆಗೆದಿಟ್ಟರು.

“ಬಾಗಲಾ ಹಾಕು. ಕೂಡು. ಹೋದ ವರ್ಷ ಏನಾತು ಅಂಬೂದು ನಿನಗ ಗೊತ್ತೈತಿ. ಈ ಸಲನೂ ಹಂಗಾದ್ರ ಎಲ್ಲಾರೂ ಮನಿಗೆ ಹೋಗ್ತೀವಿ. ಅದಕ್ಕ ಸ್ವಲ್ಪ ಔಷಧ ಹಾಕೀನಿ. ಆ ತಜ್ಞರು ನೋಡಿ ಹೋಗೂತನಕ ಗಿಡ ನಿಂತಿದ್ರ ಸಾಕಿತ್ತು.”

“ಅಕ್ಕೋರ, ಆ ಔಷಧದಾಗ ಕೊಬ್ಬರಿ ಬದುಕೂದಿಲ್ಲ. ಇದನ್ನ ನನಗ ಕಲಿಸಿದವ್ರು ನೀವ.”

“ಗೊತ್ತೈತಿ.”

ಆ ಒಂದು ಮಾತು ಉಳಿದೆಲ್ಲಕ್ಕಿಂತ ಜೋರಾಗಿ ತಾಗಿತು. ತಿಳಿಯದೆ ಹಾಕಿದ್ದರೆ ಬೇರೆ. ಕೊಬ್ಬರಿ ಸಾಯುತ್ತದೆಂದು ತಿಳಿದೇ ಹಾಕಿದ್ದರು. ನಾನು ನಾಲ್ಕು ತಿಂಗಳು ಎಣಿಸಿ ತೋರಿಸಿದ್ದನ್ನು ಬೆಳಕಿಗೆ ಹಿಡಿದು ನೋಡಿದ್ದರು, ಆದರೆ ನಂಬಿರಲಿಲ್ಲ. ಆ ಹೆಣ್ಣುಮಕ್ಕಳು ಬರಿಗೈಯಲ್ಲಿ ಕಲಸಿದ್ದಾರೆ ಎಂದೆ. ಅಷ್ಟಕ್ಕೆ ಏನೂ ಆಗುವುದಿಲ್ಲ ಎಂದರು. ಅವರ ತೊಗರಿ ಸಾವಯವವೆಂದು ಹೋಗುತ್ತದೆ ಎಂದೆ. ಬೀಜಕ್ಕೆ ಹಚ್ಚಿದ್ದು ಕಾಳಿನವರೆಗೆ ಹೋಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದರು. ಆಮೇಲೆ ದನಿ ಇಳಿಸಿ ಹೇಳಿದರು:

“ನಿನ್ನ ಸಲುವಾಗಿನೂ ಮಾಡೀನಿ. ಈ ಪ್ಲೇಟ್ ತೊಳದ್ಬಿಡು. ಮುಂದಿನ ವರ್ಷ ಖರೇ ಪುಡಿ ಹಾಕೂಣು.”

ಎರಡು ದಿನ ನಾನು ಏನೂ ಮಾಡಲಿಲ್ಲ. ತಟ್ಟೆಗಳನ್ನು ತೊಳೆಯಲೂ ಇಲ್ಲ. ನನಗೆ ವಿದ್ಯೆ ಕೊಟ್ಟವರು, ಕೆಲಸ ಕೊಡಿಸಿದವರು, ಪರ ಊರಿನಲ್ಲಿ ಜ್ವರ ಬಂದಾಗ ನನ್ನನ್ನು ನೋಡಿಕೊಂಡವರು. ಅವರು ಹೇಳಿದ ಹಾಗೆ ಮುಂದಿನ ವರ್ಷ ಎಲ್ಲ ಸರಿಹೋಗಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆದರೆ ಅಂಗಳದಲ್ಲಿ ಜೀವ ಐತಿ ಎಂದು ಹೇಳಿದ ಬಾಯಿ ಅಕ್ಕೋರದ್ದಲ್ಲ, ನನ್ನದು. ಅವರು ನನ್ನ ಬಾಯಿಂದಲೇ ಸುಳ್ಳು ಹೇಳಿಸಿದ್ದರು. ಆ ಅರ್ಧ ಪೊಟ್ಟಣವನ್ನು ಕೇಳಿದಾಗ ದೊಡ್ಡವ್ವ ಬೆಲ್ಲದ ಡಬ್ಬಿ ಸರಿಸಿ ತೆಗೆದುಕೊಟ್ಟದ್ದು ಕಣ್ಣ ಮುಂದೆ ಬರುತ್ತಿತ್ತು. ಮೂರನೇ ದಿನ ತಟ್ಟೆಗಳ ಫೋಟೊ ತೆಗೆದು, ಮಾಡಿದ್ದನ್ನೆಲ್ಲ ತಾರೀಖಿನ ಸಮೇತ ಬರೆದಿಟ್ಟೆ. ಎರಡು ತಟ್ಟೆಗಳನ್ನು ಟೇಪು ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ರೈಲು ಹತ್ತಿದೆ.

ದೊಡ್ಡವ್ವ ಸಂಘದವರನ್ನೆಲ್ಲ ಕರೆಸಿದರು. ಬೀಜ ಕಲಸಿದ ಅದೇ ಅಂಗಳದಲ್ಲಿ ಕೂತು, ಪುಡಿಯಲ್ಲಿ ರಾಸಾಯನಿಕ ಇತ್ತು ಎಂದು ಹೇಳಿದೆ. ಮಗುವಿನ ತಾಯಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, ಇದಕ್ಕೇನಾದರೂ ಆಗುತ್ತದೆಯೇ ಎಂದು ಕೇಳಿದಳು. ಒಂದು ಸಲ ಮುಟ್ಟಿದ್ದರಿಂದ ಏನೂ ಆಗಿರಲಾರದು, ಆದರೂ ಡಾಕ್ಟರಿಗೆ ತೋರಿಸಿ ಎಂದು ಆ ರಾಸಾಯನಿಕದ ಹೆಸರನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದುಕೊಟ್ಟೆ. ಏನೂ ಆಗುವುದಿಲ್ಲ ಎಂದು ಖಚಿತವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ದೊಡ್ಡವ್ವ ತಟ್ಟೆಗಳನ್ನು ತಿರುಗಿಸಿ ನೋಡಿ ಕೇಳಿದರು:

“ಅವತ್ತೂ ಇಷ್ಟ ಖಾತ್ರಿಲೆ ಹೇಳಿದ್ದಿ ಅಲ್ಲವ್ವಾ ನೀನು. ಇವತ್ತಿಂದು ಖರೇ ಅಂತ ನಾವು ಹ್ಯಾಂಗ ನಂಬೂದು?”

ಅದು ನಿನಗೆ ಮೊದಲೇ ಗೊತ್ತಿತ್ತೇ ಎಂದೂ ಕೇಳಿದರು. ಇಲ್ಲ ಎಂದೆ. ಮತ್ತೆ ಯಾರಿಗೆ ಗೊತ್ತಿತ್ತು ಎಂದರು.

“ನನಗ ಕಲಿಸಿದಾಕಿಗೆ.”

“ಹಂಗಾದ್ರ ನಿನಗೂ ನಮ್ಮಂಗ ಆತು ಬಿಡು,” ಎಂದರು ದೊಡ್ಡವ್ವ. ಆ ಮಾತಿನಲ್ಲಿ ಕನಿಕರವೇನೂ ಇರಲಿಲ್ಲ. ಊಟದ ಹೊತ್ತಾಗಿತ್ತು. ಅವರು ಎದ್ದು, ನಿನ್ನ ರೈಲಿಗೆ ಹೊತ್ತಾಯಿತು ನೋಡು ಎಂದರು. ರೈಲಿಗೆ ಇನ್ನೂ ಎರಡು ತಾಸಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಆ ಎರಡು ತಾಸು ಕೂತಿದ್ದೆ.

ಮರುದಿನ ಮಾಲೀಕರಿಗೂ, ಇಂಥ ಪುಡಿಗಳಿಗೆ ಪರವಾನಗಿ ಕೊಡುವ ಸರ್ಕಾರಿ ಕಚೇರಿಗೂ ಬರೆದುಕೊಟ್ಟೆ. ತಜ್ಞರ ಭೇಟಿ ರದ್ದಾಯಿತು. ಕಚೇರಿಯವರು ಬಂದು ಮಾದರಿ ಒಯ್ದರು, ಪುಡಿ ಮಾರುಕಟ್ಟೆಗೆ ಬರಲಿಲ್ಲ. ಮಾಲೀಕರು ತಮಗೇನೂ ಗೊತ್ತಿರಲಿಲ್ಲ ಎಂದರು. ಅದು ನಿಜವೋ ಅಲ್ಲವೋ ಇವತ್ತಿಗೂ ನನಗೆ ತಿಳಿಯದು. ಅದೇ ತಿಂಗಳು ನನ್ನನ್ನು ಕರೆದು, ನೀವು ಬೇರೆ ಕಡೆ ನೋಡಿಕೊಂಡರೆ ಎಲ್ಲರಿಗೂ ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ಅಕ್ಕೋರು ಅಲ್ಲೇ ಉಳಿದರು. ನಾನು ಮೇಜು ಖಾಲಿ ಮಾಡುವಾಗ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಕೊಬ್ಬರಿಯನ್ನು ಬೆಳೆಸಿಟ್ಟ ಗಾಜಿನ ನಳಿಕೆಗಳು ಕಂಪನಿಯ ಸ್ವತ್ತು. ಮುಟ್ಟದೆ ಬಂದೆ.

ನವೆಂಬರಿನಲ್ಲಿ ತಡೆಯಲಾರದೆ ಒಮ್ಮೆ ಹೊಲ ನೋಡಲು ಹೋದೆ. ದೊಡ್ಡವ್ವ ಬದುವಿನ ಮೇಲೆ ನಿಂತಿದ್ದರು, ಹತ್ತಿರ ಬರಲಿಲ್ಲ, ಬೇಡವೆನ್ನಲೂ ಇಲ್ಲ. ಹೂವಿನ ಹೊತ್ತಿಗೆ ಹೊಲದ ಎರಡೂ ಭಾಗಕ್ಕೆ ನೆಟೆ ಬಂದಿತ್ತು. ಬೀಜದ ಸಿಪ್ಪೆಗೆ ಹಚ್ಚಿದ ರಾಸಾಯನಿಕ ಬೀಜದ ಬಳಿಯೇ ಉಳಿದು ಕರಗಿಹೋಗುತ್ತದೆ, ಬೇರು ಅದನ್ನು ಬಿಟ್ಟು ಆಳಕ್ಕೆ ಇಳಿಯುತ್ತದೆ. ಬದುಕಿದ್ದರೆ ಕೊಬ್ಬರಿ ಬೇರಿನ ಜೊತೆಗೇ ಇಳಿಯುತ್ತಿತ್ತು. ಅದು ಆ ಹೊಲವನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಸೋಲುತ್ತಿತ್ತೇನೋ. ಅದನ್ನು ತಿಳಿಯಲೆಂದೇ ಬಿತ್ತಿದ್ದೆವು, ಅಕ್ಕೋರು ತಿಳಿಯದಂತೆ ಮಾಡಿದರು. ಸಂಘದವರು ಪುಡಿ ಹಚ್ಚಿದ ಅರ್ಧ ಹೊಲದಲ್ಲಿ ಉಳಿದ ತೊಗರಿಯನ್ನು ತಮ್ಮ ರಾಶಿಗೆ ಸೇರಿಸದೆ ಬೇರೆಯಿಟ್ಟು, ಕೊಳ್ಳುವವರಿಗೆ ಕಾರಣವನ್ನೂ ಹೇಳಿದರೆಂದು ಆಮೇಲೆ ತಿಳಿಯಿತು.

ಮುಂದಿನ ಬೇಸಿಗೆಯಲ್ಲಿ ಹೈದರಾಬಾದಿನ ಕೋಠಿ ಬಸ್ ನಿಲ್ದಾಣದಲ್ಲಿ ಅಕ್ಕೋರು ಸಿಕ್ಕರು. ಕೈಯಲ್ಲಿ ಔಷಧಿ ಅಂಗಡಿಯ ಚೀಲವಿತ್ತು, ಮುಖ ಇಳಿದಿತ್ತು. ನೋಡದ ಹಾಗೆ ಹೋಗಬಹುದಿತ್ತು, ಇಬ್ಬರೂ ಹೋಗಲಿಲ್ಲ. ಎಲ್ಲಿ ಕೆಲಸ ಎಂದು ಕೇಳಿದರು. ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಎಂದೆ. ನೀನು ಹೋದ ಮೇಲೆ ಕೊಬ್ಬರಿಯನ್ನು ಹೊಸ ನಳಿಕೆಗೆ ಯಾರೂ ಎತ್ತಿಡಲಿಲ್ಲ, ಒಣಗಿ ಸತ್ತಿತು ಎಂದರು. ಹಾಗೆ ಎತ್ತಿಡಬಹುದಾಗಿದ್ದವರು ಅಲ್ಲಿ ಒಬ್ಬರೇ ಇದ್ದರು. ಅವರಿಂದ ತಪ್ಪಾಯಿತೆಂಬ ಒಂದು ಮಾತಿಗಾಗಿ ಕಾಯುತ್ತಿದ್ದೇನೆಂದು ಆ ಹೊತ್ತಿನಲ್ಲೇ ನನಗೆ ಗೊತ್ತಾದದ್ದು.

ಉಪ್ಪಲ್ ಬಸ್ಸು ಬಂತು. ಅಕ್ಕೋರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಹೇಳಿದರು:

“ಒಂದ ಮಾತು ನನಗ ಇನ್ನೂ ಚುಚ್ಚತೈತಿ. ಊರಿಗೆಲ್ಲಾ ಹೇಳೂಕಿಂತ ಮೊದಲ ನೀ ನನ್ನ ಹತ್ರ ಬರಬೇಕಿತ್ತು.”

“ಮೊದಲ ನಿಮ್ಮ ಹತ್ರನ ಬಂದಿದ್ದೆ, ಅಕ್ಕೋರ.”

ಕಂಡಕ್ಟರ್ ಒಳಗೆ ಬನ್ನಿ ಎಂದು ತೆಲುಗಿನಲ್ಲಿ ಕೂಗಿದ. ಅವರು ಹತ್ತಿಕೊಂಡು, ನನಗೆ ಕಾಣದ ಆ ಕಡೆಯ ಕಿಟಕಿಗೆ ಹೋಗಿ ಕೂತರು.